ಕೊನೆಯ ಕೀಪರ್ ಯಾರು? ಅಡಾಮೆಸ್ಸಾ, ಎಲ್ಡ್ರಿಜ್ಜಾ?

ಮಲ್ಲೇಶ್ವರಂ_ಮೌಂಟನ್‌ವ್ಯೂ · ಶುಕ್ರವಾರ ರಾತ್ರಿ 10:40

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಎಲ್ಲರೂ ಹಾಯಾಗಿ ಮಲಗಿರುತ್ತೀರಿ. ನನಗೆ ನಿದ್ದೆ ಬರುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ (ನಿಜವಾದ ಆಟಗಾರರನ್ನು ಆರಿಸಿ, ಅವರ ಅಂಕಿಅಂಶದ ಮೇಲೆ ಆಡುವ ಆಟ) ಭಾನುವಾರ ರಾತ್ರಿ 9ಕ್ಕೆ, ಕ್ಯಾಲಿಫೋರ್ನಿಯಾ ಸಮಯ, ಕೀಪರ್ ಪಟ್ಟಿ ಕೊಡಬೇಕು, ಅಂದರೆ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ನಾಲ್ವರ ಹೆಸರು. ನಾಲ್ಕರಲ್ಲಿ ಮೂರು ಹೆಸರು ಆಗಿದೆ: ಒಟಾನಿ, ಡೆವರ್ಸ್, ಲೋಗನ್ ವೆಬ್. ನಾಲ್ಕನೆಯ ಜಾಗಕ್ಕೆ ವಿಲ್ಲಿ ಅಡಾಮೆಸ್ ಇಲ್ಲವೇ ಬ್ರೈಸ್ ಎಲ್ಡ್ರಿಜ್, ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನವರೇ.

ಜೈಂಟ್ಸ್ ಅಭಿಮಾನಿಯ ಟೀಮಿನಲ್ಲಿ ಬದ್ಧವೈರಿ ಡಾಡ್ಜರ್ಸ್‌ನ ಒಟಾನಿ ಮೊದಲ ಹೆಸರಾ ಅಂತ ಯಾರೂ ಶುರು ಮಾಡಬೇಡಿ. ಹೊಟ್ಟೆಪಾಡು.

ಅಡಾಮೆಸ್ ಈ ವರ್ಷ (2025) 30 ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆದ. 2004ರಲ್ಲಿ ಬ್ಯಾರಿ ಬಾಂಡ್ಸ್ ಹೊಡೆದ ಮೇಲೆ ಜೈಂಟ್ಸ್‌ನಲ್ಲಿ 30 ಮುಟ್ಟಿದ ಮೊದಲಿಗ ಇವನೇ. ಅದೂ ಸೀಸನ್ನಿನ ಕೊನೆಯ ದಿನ. ಆದರೆ ಬ್ಯಾಟಿಂಗ್ ಸರಾಸರಿ .225, ಅಂದರೆ ನೂರಕ್ಕೆ 22-23 ಹಿಟ್, ಕಡಿಮೆಯೇ. ನಮ್ಮ ಲೀಗಿನಲ್ಲಿ ಸರಾಸರಿಯೂ ಒಂದು ಅಂಕದ ಕಾಲಂ. ಅವನನ್ನು ಉಳಿಸಿಕೊಂಡರೆ ನಮ್ಮ ಮಾರ್ಚ್ ಡ್ರಾಫ್ಟ್‌ನಲ್ಲಿ (ಸರದಿಯಂತೆ ಆಟಗಾರರನ್ನು ಆರಿಸುವ ದಿನ) ನನ್ನ 7ನೇ ಸುತ್ತಿನ ಪಿಕ್, ಅಂದರೆ ಆಯ್ಕೆಯ ಸರದಿ, ಹೋಗುತ್ತದೆ.

ಎಲ್ಡ್ರಿಜ್‌ನನ್ನು ಸೆಪ್ಟೆಂಬರ್‌ನಲ್ಲಿ ವೇವರ್‌ನಿಂದ (ಯಾರ ಟೀಮಿನಲ್ಲೂ ಇಲ್ಲದವರ ಪಟ್ಟಿ) ಎತ್ತಿಕೊಂಡಿದ್ದೆ. ಅವನಿಗೆ ಕೊನೆಯ ಸುತ್ತಿನ ಬೆಲೆ, ಅಂದರೆ ಹೆಚ್ಚುಕಡಿಮೆ ಪುಕ್ಕಟೆ. ಅಕ್ಟೋಬರ್‌ನಲ್ಲಿ 21 ತುಂಬಿದೆ. 6 ಅಡಿ 7 ಇಂಚು ಎತ್ತರ. ಮೇಜರ್ ಲೀಗಿಗೆ ಬಂದು 10 ಪಂದ್ಯ ಆಡಿದ, ಸರಾಸರಿ .107. ಆಮೇಲೆ ಮಣಿಕಟ್ಟಿನ ಆಪರೇಷನ್ ಬೇರೆ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. 2024ರ ಏಪ್ರಿಲ್‌ನಲ್ಲಿ ಜೈಂಟ್ಸ್‌ನ ಕೆಳಹಂತದ ಟೀಮು ಸ್ಯಾನ್ ಹೊಸೆ ಜೈಂಟ್ಸ್ ಮ್ಯಾಚಿಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಫಸ್ಟ್ ಬೇಸ್ ಪಕ್ಕದಲ್ಲೇ ಸೀಟು. ಶಾರ್ಟ್‌ಸ್ಟಾಪ್ ಎಸೆದ ಚೆಂಡು ಆ ಕಡೆ ವಾಲಿತ್ತು. ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಎಲ್ಡ್ರಿಜ್ ಒಂದು ಕಾಲನ್ನು ಬೇಸಿಗೆ ಅಂಟಿಸಿ, ಇನ್ನೊಂದು ಕಾಲು ಚಾಚಿ, ಬಾಗಿಲಿಗೆ ಹಾಕಿದ ಏಣಿಯ ಹಾಗೆ ಉದ್ದಕ್ಕೆ ಬಿಚ್ಚಿಕೊಂಡ. ಗ್ಲೌಸಿಗೆ ಚೆಂಡು ಬಡಿದ ಸದ್ದಿಗೆ ಮಗ ಪಾಪ್‌ಕಾರ್ನ್ ಚೆಲ್ಲಿದ. ಅವತ್ತಿನಿಂದ ಇವನು ನಮ್ಮ ಮನೆಯ ಹುಡುಗ. ಹೀಗಾಗಿ ನನ್ನ ತೀರ್ಮಾನವನ್ನು ನಾನೇ ನಂಬುತ್ತಿಲ್ಲ. ನೀವು ಹೇಳಿ.

ಧಾರವಾಡ_ಪೇಡೆ · ಶುಕ್ರವಾರ ರಾತ್ರಿ 11:05

ಅಡಾಮೆಸ್. ಇದರಾಗ ಯೋಚನೆ ಮಾಡೋದು ಏನೈತ್ರಿ?

ಕುಡ್ಲ_ಇನ್_ಬಾಸ್ಟನ್ · ಶನಿವಾರ ಬೆಳಗ್ಗೆ 5:20

ಇಲ್ಲಿ ಬೆಳಗಾಯಿತು, ನಾನು ಹೇಳುತ್ತೇನೆ ಕೇಳಿ ಮಾರಾಯ್ರೆ. ಪ್ರಾಸ್ಪೆಕ್ಟ್ (ಮುಂದೆ ದೊಡ್ಡವನಾಗುತ್ತಾನೆ ಅಂತ ನಂಬಿದ ಹೊಸ ಹುಡುಗ) ಅಂದರೆ ಕೂಸು ಹುಟ್ಟುವ ಮುಂಚೆ ಹೊಲಿಸುವ ಕುಲಾವಿ. ನಮ್ಮ ಬಾಸ್ಟನ್ ರೆಡ್ ಸಾಕ್ಸ್‌ನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. 2020ರ ಫೆಬ್ರವರಿಯಲ್ಲಿ ಮೂಕಿ ಬೆಟ್ಸ್‌ನನ್ನು ಡಾಡ್ಜರ್ಸ್‌ಗೆ ಕೊಟ್ಟೆವು. ಬದಲಿಗೆ ಬಂದವರು ವರ್ಡೂಗೊ, ಕಾನರ್ ವಾಂಗ್, ಜೆಟರ್ ಡೌನ್ಸ್. ಡೌನ್ಸ್ ಆಗ ದೊಡ್ಡ ಪ್ರಾಸ್ಪೆಕ್ಟ್. ಹೆಸರೇ ಯಾಂಕೀಸ್ ದಿಗ್ಗಜ ಡೆರೆಕ್ ಜೀಟರ್‌ನ ಮೇಲೆ ಇಟ್ಟದ್ದು! 2022ರ ಡಿಸೆಂಬರ್‌ನಲ್ಲಿ ಅವನನ್ನು ಟೀಮಿನ 40 ಜನರ ಪಟ್ಟಿಯಿಂದಲೇ ತೆಗೆದರು. ಬೆಟ್ಸ್ ಅಲ್ಲಿ ಹೋಗಿ 2020, 2024, 2025 ಅಂತ ಮೂರು ವರ್ಲ್ಡ್ ಸೀರೀಸ್ (ಮೇಜರ್ ಲೀಗಿನ ಫೈನಲ್) ಕಪ್ ಎತ್ತಿದ.

ಈ ವರ್ಷದ್ದೇ ಇನ್ನೊಂದು ಉಂಟು. ಕ್ರಿಸ್ಟಿಯನ್ ಕ್ಯಾಂಬೆಲ್. ಏಪ್ರಿಲ್ ಶುರುವಿನಲ್ಲಿ 8 ವರ್ಷಕ್ಕೆ 60 ಮಿಲಿಯನ್ ಡಾಲರ್ ಒಪ್ಪಂದ. ತಿಂಗಳ ಅತ್ಯುತ್ತಮ ಹೊಸಬ ಅಂತ ಪ್ರಶಸ್ತಿ. ನಾನು ಇಬ್ಬರು ಒಳ್ಳೆಯ ಆಟಗಾರರನ್ನು ಕೊಟ್ಟು ಅವನನ್ನು ತಂದೆ. ಜೂನ್‌ನಲ್ಲಿ ಅವನನ್ನು ವೂಸ್ಟರ್‌ಗೆ, ಟ್ರಿಪಲ್-ಎಗೆ (ಮೇಜರ್ ಲೀಗಿನ ನೇರ ಕೆಳಗಿನ ಮೆಟ್ಟಿಲು) ಇಳಿಸಿದರು. ನನ್ನ ಸೀಸನ್ನೂ ಅವನ ಜೊತೆಗೇ ಬಸ್ ಹತ್ತಿ ಹೋಯಿತು.

ಟೊರೊಂಟೊ_ಅಕ್ಕ · ಶನಿವಾರ ಬೆಳಗ್ಗೆ 6:02

ಕುಡ್ಲದವರು ಅರ್ಧ ಕಥೆ ಮಾತ್ರ ಹೇಳುತ್ತಾರೆ. ಅದೇ ಟೀಮಿನಲ್ಲಿ ರೋಮನ್ ಆಂಥನಿ ಜೂನ್‌ನಲ್ಲಿ ಬಂದು ಆಗಸ್ಟ್ ಹೊತ್ತಿಗೆ 130 ಮಿಲಿಯನ್‌ಗೆ ಸಹಿ ಹಾಕಲಿಲ್ವಾ?

ನನ್ನ ಊರಿನ ಉದಾಹರಣೆ ಕೊಡುತ್ತೇನೆ. ಪಿಚರ್ (ನಮ್ಮ ಬೌಲರ್ ಥರ) ಟ್ರೇ ಯೆಸಾವೆಜ್‌ನನ್ನು ಬ್ಲೂ ಜೇಸ್ 2024ರ ಮೇಜರ್ ಲೀಗ್ ಡ್ರಾಫ್ಟ್‌ನಲ್ಲಿ (ಟೀಮುಗಳು ಹೊಸ ಹುಡುಗರನ್ನು ಆರಿಸುವಲ್ಲಿ) ಒಟ್ಟಾರೆ 20ನೇ ಪಿಕ್ ಆಗಿ ಆರಿಸಿತು. ಈ ಏಪ್ರಿಲ್‌ನಲ್ಲಿ ಅವನಿದ್ದದ್ದು ಡನೀಡಿನ್‌ನಲ್ಲಿ, ಸಿಂಗಲ್-ಎ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ವ್ಯಾಂಕೂವರ್, ನ್ಯೂ ಹ್ಯಾಂಪ್‌ಶೈರ್, ಬಫಲೊ. ಸೆಪ್ಟೆಂಬರ್ 15ಕ್ಕೆ ಮೇಜರ್ ಲೀಗ್. ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕೆ ಚೆಂಡು ಇವನ ಕೈಗೇ ಕೊಟ್ಟರು. ಐದನೇ ಪಂದ್ಯದಲ್ಲಿ ಡಾಡ್ಜರ್ಸ್‌ನ 12 ಜನರನ್ನು ಸ್ಟ್ರೈಕ್‌ಔಟ್ ಮಾಡಿದ (ಚೆಂಡು ಹೊಡೆಯಲು ಬಿಡದೇ ಔಟ್), ಒಬ್ಬರಿಗೂ ವಾಕ್ (ಪುಕ್ಕಟೆ ಬೇಸ್) ಕೊಡಲಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಹೊಸಬನೊಬ್ಬ ಹಾಗೆ ಮಾಡಿದ್ದು ಇದೇ ಮೊದಲು. ವಯಸ್ಸು 22.

ನಾವು ಸೋತ ಏಳನೇ ಪಂದ್ಯದ ವಿಷಯ ದಯವಿಟ್ಟು ಯಾರೂ ಎತ್ತಬೇಡಿ.

ಧಾರವಾಡ_ಪೇಡೆ · ಶನಿವಾರ ಬೆಳಗ್ಗೆ 7:15

ಒಂಬತ್ತನೇ ಇನಿಂಗ್ಸ್‌ನಾಗ ನಿಮ್ಮ ಓಟಗಾರ ಕೈನರ್-ಫಲೇಫ ಥರ್ಡ್ ಬೇಸ್‌ನಿಂದ ಇನ್ನೊಂದು ಹೆಜ್ಜೆ ಮುಂದ ನಿಂತಿದ್ದರ...

ಟೊರೊಂಟೊ_ಅಕ್ಕ · ಶನಿವಾರ ಬೆಳಗ್ಗೆ 7:16

ಎತ್ತಬೇಡಿ ಅಂದೆನಲ್ಲ.

ಹಾಸನದ_ಹೊಸಬ · ಶನಿವಾರ ಬೆಳಗ್ಗೆ 8:30

ನಮಸ್ಕಾರ, ನಾನು ಈ ವರ್ಷ ಲೀಗಿಗೆ ಹೊಸದಾಗಿ ಸೇರಿದವನು. ಕ್ರಿಕೆಟ್ ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ಒಬ್ಬ ಹುಡುಗ ಅಷ್ಟು ಚೆನ್ನಾಗಿ ಆಡುತ್ತಿದ್ದರೆ ಅವನನ್ನು ಕೆಳಗಿನ ಲೀಗಿನಲ್ಲಿ ಯಾಕೆ ಕೂರಿಸುತ್ತಾರೆ? ನಮ್ಮಲ್ಲಿ ರಣಜಿಯಲ್ಲಿ ರನ್ ಹೊಡೆದವನನ್ನು ಐಪಿಎಲ್ ಟೀಮು ತೆಗೆದುಕೊಂಡರೆ ಆಡಿಸಬಹುದು, ಬಿಡಬಹುದು. ಆದರೆ ಬೇಕಂತಲೇ ತಡ ಮಾಡುವುದಿಲ್ಲ ಅಲ್ವಾ?

ಟೊರೊಂಟೊ_ಅಕ್ಕ · ಶನಿವಾರ ಬೆಳಗ್ಗೆ 9:10

ಒಳ್ಳೆಯ ಪ್ರಶ್ನೆ. ಇದು ಗೊತ್ತಿಲ್ಲದಿದ್ದರೆ ಫ್ಯಾಂಟಸಿಯಲ್ಲಿ ಪ್ರಾಸ್ಪೆಕ್ಟ್ ಕಡೆ ತಲೆ ಹಾಕಲೇಬಾರದು.

ಮೇಜರ್ ಲೀಗಿನಲ್ಲಿ 6 ವರ್ಷ ಸರ್ವೀಸ್ ಆದ ಮೇಲೆ ಆಟಗಾರ ಸ್ವತಂತ್ರ, ಯಾವ ಟೀಮಿಗೆ ಬೇಕಾದರೂ ಹೋಗಬಹುದು. ಒಂದು ವರ್ಷ ಅಂದರೆ 172 ದಿನ. ಸೀಸನ್ ಅದಕ್ಕಿಂತ ಸುಮಾರು ಎರಡು ವಾರ ಜಾಸ್ತಿ ಇರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಎರಡು-ಮೂರು ವಾರ ತಡವಾಗಿ ಕರೆದರೆ ಅದು ಪೂರ್ತಿ ವರ್ಷ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆರು ವರ್ಷ ಸಿಗಬೇಕಾದ ಹುಡುಗ ಟೀಮಿಗೆ ಏಳು ವರ್ಷ ಸಿಗುತ್ತಾನೆ. 2015ರಲ್ಲಿ ಕಬ್ಸ್ ಕ್ರಿಸ್ ಬ್ರಯಂಟ್‌ನನ್ನು ಏಪ್ರಿಲ್ 17ಕ್ಕೆ ಕರೆದರು. ವರ್ಷದ ಕೊನೆಗೆ ಅವನ ಲೆಕ್ಕ 171 ದಿನ. ಒಂದೇ ಒಂದು ದಿನ ಕಡಿಮೆ! ದೂರು ಕೊಟ್ಟ, 2020ರಲ್ಲಿ ತೀರ್ಪು ಬಂತು, ಸೋತ.

ಆಟಗಾರರ ಸಂಘದ ಜೊತೆಗಿನ 2022ರ ಒಪ್ಪಂದದಲ್ಲಿ ಇದಕ್ಕೆ ಮದ್ದು ಹುಡುಕಿದರು. ವರ್ಷದ ಹೊಸಬ ಪ್ರಶಸ್ತಿಯ ಓಟಿನಲ್ಲಿ ಮೊದಲ ಎರಡು ಸ್ಥಾನ ಪಡೆದವನಿಗೆ ಯಾವಾಗ ಬಂದಿದ್ದರೂ ಪೂರ್ತಿ ವರ್ಷ ಕೊಡುತ್ತಾರೆ. ದೊಡ್ಡ ಪ್ರಾಸ್ಪೆಕ್ಟನ್ನು ಶುರುವಿನಿಂದಲೇ ಆಡಿಸಿ ಅವನು ಪ್ರಶಸ್ತಿ ಗೆದ್ದರೆ ಟೀಮಿಗೆ ಡ್ರಾಫ್ಟ್‌ನಲ್ಲಿ ಒಂದು ಪಿಕ್ ಜಾಸ್ತಿ. ಪಾಲ್ ಸ್ಕೀನ್ಸ್‌ನನ್ನು ಪೈರೇಟ್ಸ್ 2024ರಲ್ಲಿ ಮೇ 11ರವರೆಗೆ ಕೆಳಗೇ ಇಟ್ಟರು. ಅವನು ಪ್ರಶಸ್ತಿ ಗೆದ್ದ. ಅವನಿಗೆ ಪೂರ್ತಿ ವರ್ಷ ಸಿಕ್ಕಿತು, ಟೀಮಿಗೆ ಪಿಕ್ ಸಿಗಲಿಲ್ಲ. ಜಿಪುಣತನ ಮಾಡಿ ಎರಡೂ ಕಳೆದುಕೊಂಡರು.

ಎಲ್ಡ್ರಿಜ್ 10 ಪಂದ್ಯ ಮಾತ್ರ ಆಡಿರುವುದರಿಂದ 2026ರಲ್ಲೂ ಹೊಸಬನೇ. ಅಂದರೆ ಜೈಂಟ್ಸ್‌ಗೆ ಅವನನ್ನು ಮಾರ್ಚ್‌ನಿಂದಲೇ ಆಡಿಸಲು ಒಂದು ಆಸೆ ಇದೆ. ಮಣಿಕಟ್ಟು ಸರಿ ಹೋದರೆ.

ಕಮಿಷನರ್_ಫ್ರೀಮಾಂಟ್ · ಶನಿವಾರ ಬೆಳಗ್ಗೆ 10:00

ಹೊಸಬರಿಗೆ ಸ್ವಾಗತ. ಕ್ರಿಕೆಟ್ ಲೆಕ್ಕದಲ್ಲೇ ಹೇಳುತ್ತೇನೆ, ಬೇಗ ಅರ್ಥವಾಗುತ್ತದೆ. 2018ರ ಹರಾಜಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡದ್ದು ಯಾರನ್ನು? ಕೊಹ್ಲಿ, ಎಬಿಡಿ, ಮೂರನೆಯದು ಸರ್ಫರಾಜ್ ಖಾನ್. ಹುಡುಗ, ಅಗ್ಗ, ಒಂದೂ ಮುಕ್ಕಾಲು ಕೋಟಿ. ನಮ್ಮ ಕೆ.ಎಲ್. ರಾಹುಲ್‌ನನ್ನು ಬಿಟ್ಟರು. ಪಂಜಾಬ್ 11 ಕೋಟಿಗೆ ಎತ್ತಿಕೊಂಡಿತು. ಅದೇ ವರ್ಷ ರಾಹುಲ್ 659 ರನ್. ಅದು ಕೀಪರ್ ತಪ್ಪು. ನಮ್ಮ ಲೀಗಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಸರ್ಫರಾಜ್‌ನನ್ನು ಉಳಿಸಿಕೊಳ್ಳುತ್ತಾರೆ.

ಅಂದಹಾಗೆ, ನನ್ನ ಮೊದಲ ಕೀಪರ್ ಕ್ಯಾಲ್ ರಾಲಿ. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಗಿದ್ದುಕೊಂಡೂ ಈ ವರ್ಷ 60 ಹೋಂ ರನ್. ಸುಮ್ನೆ ನೆನಪಿಸಿದೆ.

ಧಾರವಾಡ_ಪೇಡೆ · ಶನಿವಾರ ಬೆಳಗ್ಗೆ 10:08

ಮೂರು ದಿನಕ್ಕೊಮ್ಮೆ ನೆನಪಿಸ್ತೀರಿ ಕಮಿಷನರ್ ಸಾಹೇಬ್ರ.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಶನಿವಾರ ಬೆಳಗ್ಗೆ 11:30

ರಾಹುಲ್ ವಿಷಯ ಎತ್ತಿ ಎದೆಗೆ ಚುಚ್ಚಿದಿರಿ. ಜೈಂಟ್ಸ್ ಕಡೆ ಗಾಯ ಬೇಕಾದರೆ ನನ್ನ ಹತ್ತಿರವೂ ಸ್ಟಾಕ್ ಇದೆ. 2011ರಲ್ಲಿ ಬೆಲ್ಟ್ರಾನ್‌ನನ್ನು ಎರಡು ತಿಂಗಳಿಗಾಗಿ ತರಲು ಜ್ಯಾಕ್ ವೀಲರ್‌ನನ್ನು ಮೆಟ್ಸ್‌ಗೆ ಕೊಟ್ಟರು. ಆ ವರ್ಷ ಪ್ಲೇಆಫ್‌ಗೂ ಹೋಗಲಿಲ್ಲ. 2018ರಲ್ಲಿ ಮೆಕಚನ್‌ಗಾಗಿ ಬ್ರಯಾನ್ ರೆನಾಲ್ಡ್ಸ್ ಹೋದ. ಹಾಗಾದರೆ ಪ್ರಾಸ್ಪೆಕ್ಟನ್ನು ಕೊಡಬಾರದು ಅಂತ ಕಲಿತೆವು.

ಕಲಿತು ಏನು ಮಾಡಿದೆವು? 2018ರ ಡ್ರಾಫ್ಟ್‌ನಲ್ಲಿ ಎರಡನೇ ಪಿಕ್, ಜೋಯಿ ಬಾರ್ಟ್. ಜೈಂಟ್ಸ್‌ನ ದೊಡ್ಡ ಕ್ಯಾಚರ್ ಬಸ್ಟರ್ ಪೋಸಿಯ ಉತ್ತರಾಧಿಕಾರಿ ಅಂದರು. ಗಟ್ಟಿಯಾಗಿ ಹಿಡಿದುಕೊಂಡೆವು. 2024ರ ಏಪ್ರಿಲ್‌ನಲ್ಲಿ ಪೈರೇಟ್ಸ್‌ಗೆ ಕಿಲೋ ಲೆಕ್ಕದಲ್ಲಿ ಮಾರಿದೆವು. ಕೊಟ್ಟರೂ ಪಶ್ಚಾತ್ತಾಪ, ಇಟ್ಟುಕೊಂಡರೂ ಪಶ್ಚಾತ್ತಾಪ.

ಧಾರವಾಡ_ಪೇಡೆ · ಶನಿವಾರ ಮಧ್ಯಾಹ್ನ 12:45

ನಿಮಗ ಕೊಡೋದು, ಇಟ್ಟುಕೊಳ್ಳೋದು ಅಂತ ಎರಡು ದುಃಖ. ನಮ್ಮ ಟೀಮು ಊರನ್ನೇ ಬಿಟ್ಟು ಹೋತು. ಓಕ್ಲೆಂಡ್‌ನಾಗ 20 ವರ್ಷ ಡ್ರಮ್ ಬಡಿದೀನಿ. ಈಗ ಎ'ಸ್ (ಅಥ್ಲೆಟಿಕ್ಸ್) ಟೀಮಿಗೆ ಊರಿನ ಹೆಸರೇ ಇಲ್ಲ. ಪಶ್ಚಿಮ ಸ್ಯಾಕ್ರಮೆಂಟೊದಾಗ ಮೈನರ್ ಲೀಗ್ ಮೈದಾನದಾಗ ಬಾಡಿಗೆಗೆ ಅದಾರ. 2028ಕ್ಕೆ ಲಾಸ್ ವೇಗಸ್ ಅಂತ. ನಾನೂ ಕೆಲಸದ ಮ್ಯಾಲ ಸ್ಯಾಕ್ರಮೆಂಟೊಕ್ಕ ಬಂದಿದ್ದೆ, ಟೀಮು ನನ್ನ ಹಿಂದ ಬಂತು ಅಂತ ಮನಿಯಾಗ ಜೋಕ್ ಮಾಡ್ತೀವಿ.

ಆದರ ನಿಕ್ ಕರ್ಟ್ಸ್ ಇದಾನಲ್ಲ, ಅವ ಒಬ್ಬನಿಗಾಗಿ ಎಲ್ಲಾ ಮರೀಬಹುದು. 2024ರ ಡ್ರಾಫ್ಟ್, 4ನೇ ಪಿಕ್. ಒಂಬತ್ತೇ ತಿಂಗಳಾಗ ಮೇಜರ್ ಲೀಗ್. ಜುಲೈ 25ಕ್ಕ ಹ್ಯೂಸ್ಟನ್‌ನಾಗ ಒಂದೇ ಪಂದ್ಯದಾಗ ನಾಲ್ಕು ಹೋಂ ರನ್, ಆರಕ್ಕ ಆರು ಹಿಟ್. ಹೊಸಬನೊಬ್ಬ ನಾಲ್ಕು ಹೊಡೆದದ್ದು ಅದುವರೆಗೂ ಇಲ್ಲ. ನಾನು ಅವತ್ತು ಮಗಳ ಡ್ಯಾನ್ಸ್ ಕ್ಲಾಸ್ ಹೊರಗ ಕಾರಿನಾಗ ಕುಂತು ಫೋನ್ ನೋಡಾಕತ್ತಿದ್ದೆ. ನಾಲ್ಕನೇದ್ದಕ್ಕ ಹಾರ್ನ್ ಬಾರಿಸಿಬಿಟ್ಟೆ. ಒಳಗಿಂದ ಟೀಚರ್ ಬಂದು ಏನಾತು ಅಂದ್ರು.

ಅವನೂ ಫಸ್ಟ್ ಬೇಸ್. ನನ್ನ ಕೀಪರ್. ಮಾರಾಟಕ್ಕಿಲ್ಲ.

ಕುಡ್ಲ_ಇನ್_ಬಾಸ್ಟನ್ · ಶನಿವಾರ ಮಧ್ಯಾಹ್ನ 1:20

ಎಲ್ಲರಿಗೂ ಫಸ್ಟ್ ಬೇಸ್‌ನವರು ಉಂಟು, ನನಗೆ ಬಿಟ್ಟು. ಟ್ರಿಸ್ಟನ್ ಕಸಾಸ್ ಮೇ ತಿಂಗಳಲ್ಲಿ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡು ಕೂತ. ರೆಡ್ ಸಾಕ್ಸ್‌ಗೂ ಜಾಗ ಖಾಲಿ, ನನ್ನ ಟೀಮಿಗೂ ಖಾಲಿ. ಡೆವರ್ಸ್‌ನನ್ನು ಫಸ್ಟ್ ಬೇಸ್‌ನಲ್ಲಿ ನಿಲ್ಲು ಅಂದರು. ಮೊದಲು ಥರ್ಡ್ ಬೇಸ್ ಕಿತ್ತುಕೊಂಡು ಬ್ರೆಗ್‌ಮನ್‌ಗೆ ಕೊಟ್ಟಿರಿ, ಈಗ ಇನ್ನೊಂದು ಗ್ಲೌಸ್ ಹಾಕು ಅನ್ನುತ್ತೀರಿ ಅಂತ ಅವನಿಗೆ ಸಿಟ್ಟು. ಆಗುವುದಿಲ್ಲ ಅಂದ. ಜೂನ್ 15ಕ್ಕೆ ಯಾಂಕೀಸ್‌ನ ಮೂರು ಪಂದ್ಯವನ್ನೂ ಗೆದ್ದು ಖುಷಿಯಲ್ಲಿದ್ದೆವು. ಅದೇ ಸಂಜೆ ಸುದ್ದಿ, ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ. ಕೈಗೆ ಬಂದದ್ದು ಹಿಕ್ಸ್, ಹ್ಯಾರಿಸನ್, ಟಿಬ್ಸ್, ಬೆಯೊ.

ಅಲ್ಲಿ ಹೋಗಿ ಜುಲೈನಲ್ಲಿ ಎಲ್ಲಿ ನಿಂತ? ಫಸ್ಟ್ ಬೇಸ್‌ನಲ್ಲಿ! ನನಗೆ ಟಿವಿ ಒಡೆಯಬೇಕು ಅನ್ನಿಸಿತು.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಶನಿವಾರ ಮಧ್ಯಾಹ್ನ 1:31

ಇನ್ನೊಂದು ತಮಾಷೆ ಗೊತ್ತಾ? ಸೀಸನ್ನಿಗೆ ಇರುವುದೇ 162 ಪಂದ್ಯ. ಡೆವರ್ಸ್ ಆಡಿದ್ದು 163. ಬಾಸ್ಟನ್‌ನಲ್ಲಿ 73, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 90. ನಾನು ಒಂದು ಪಂದ್ಯ ಬೋನಸ್ ತಿಂದೆ.

ಟೊರೊಂಟೊ_ಅಕ್ಕ · ಶನಿವಾರ ಸಂಜೆ 4:00

ನಾನು ಓಟು ಹಾಕಿಲ್ಲ ಇನ್ನೂ. ಎರಡು ಮಾತು.

ಒಂದು, ಮೈದಾನ. ಎಲ್ಡ್ರಿಜ್ ಎಡಗೈ ಬ್ಯಾಟರ್. ಜೈಂಟ್ಸ್ ಮೈದಾನ ಆರಕಲ್ ಪಾರ್ಕ್‌ನ ಬಲಗಡೆ ಗೆರೆ 309 ಅಡಿ ಅಂತ ಕೇಳಿದರೆ ಹತ್ತಿರ ಅನ್ನಿಸುತ್ತದೆ. ಆದರೆ ಅಲ್ಲಿ ನಿಂತಿರುವುದು 24 ಅಡಿ ಎತ್ತರದ ಗೋಡೆ. ಸ್ವಲ್ಪ ಮಧ್ಯಕ್ಕೆ ಸರಿದರೆ 415 ಅಡಿ. ಮೇಲೆ ಕೊಲ್ಲಿಯ ಗಾಳಿ. ಎಡಗೈಯವರ ಎಷ್ಟೋ ಹೋಂ ರನ್‌ಗಳು ಅಲ್ಲಿ ಡಬಲ್ (ಎರಡೇ ಬೇಸ್) ಆಗಿ ಬೀಳುತ್ತವೆ. ಬಾಂಡ್ಸ್ ಮನುಷ್ಯನೇ ಅಲ್ಲ, ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡು, ಹತ್ತು ಪಂದ್ಯದ .107 ನೋಡಿ ಹೆದರುವವರಿಗೆ. ಜಾಕ್ಸನ್ ಹಾಲಿಡೇ 2022ರ ಮೇಜರ್ ಲೀಗ್ ಡ್ರಾಫ್ಟ್‌ನ ಮೊದಲ ಪಿಕ್. 2024ರ ಏಪ್ರಿಲ್‌ನಲ್ಲಿ ಬಂದು 34ಕ್ಕೆ 2 ಹಿಟ್. ಎರಡೇ ವಾರಕ್ಕೆ ಕೆಳಗೆ ಕಳಿಸಿದರು. ನಮ್ಮ ಲೀಗಿನಲ್ಲಿ ಅವನನ್ನು ಆ ದಿನವೇ ಬಿಸಾಡಿದವರು ಯಾರು ಅಂತ ಹೆಸರು ಹೇಳುವುದಿಲ್ಲ. ಜುಲೈ 31ಕ್ಕೆ ವಾಪಸ್ ಬಂದು ಮೊದಲ ಹೋಂ ರನ್ ಹೊಡೆದ, ಅದೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಹೊಡೆದದ್ದು). ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ?

ಕಮಿಷನರ್_ಫ್ರೀಮಾಂಟ್ · ಶನಿವಾರ ಸಂಜೆ 4:12

ಬಿಸಾಡಿದ್ದು ನಾನೇ. ಒಪ್ಪಿಕೊಂಡೆ. 60 ಹೋಂ ರನ್ ಆ ನೋವು ಮರೆಸಿದೆ.

ಹಾಸನದ_ಹೊಸಬ · ಶನಿವಾರ ಸಂಜೆ 5:45

ಅಕ್ಕ, ನಿಮ್ಮನ್ನೇ ಕೇಳಬೇಕು ಅಂತಿದ್ದೆ. ಅರ್ಜುನ್ ನಿಮ್ಮಲ ಅಂತ ಒಬ್ಬ ಹುಡುಗ ನಿಮ್ಮ ಬ್ಲೂ ಜೇಸ್‌ನಲ್ಲಿದ್ದಾನಂತೆ. ನಮ್ಮ ಕಡೆಯವನು. ನಮ್ಮ ಲೀಗಿನ ಡ್ರಾಫ್ಟ್‌ನಲ್ಲಿ ಅವನನ್ನು ತಗೊಳ್ಳೋಣ ಅಂತ ಆಸೆ.

ಟೊರೊಂಟೊ_ಅಕ್ಕ · ಶನಿವಾರ ಸಂಜೆ 6:20

ಆಸೆ ನನಗೂ ಇದೆ ತಮ್ಮಾ. ಅಪ್ಪ ಅಮ್ಮ ಭಾರತದಿಂದ ಬಂದವರು, ತೆಲುಗಿನವರು. ಹುಡುಗ ಬೆಳೆದದ್ದು ಫ್ಲೋರಿಡಾದಲ್ಲಿ. 2023ರಲ್ಲಿ 17ನೇ ವಯಸ್ಸಿಗೇ ಮೊದಲ ಸುತ್ತಿನಲ್ಲಿ ಆಯ್ಕೆಯಾದ, 20ನೇ ಪಿಕ್. ಯೆಸಾವೆಜ್‌ದೂ ಮರುವರ್ಷದ ಅದೇ 20ನೇ ನಂಬರು, ಅದೇ ಟೀಮು! ಆದರೆ ಅವನು ಕಾಲೇಜಿನಲ್ಲಿ ಆಡಿ ಬಂದವನು, ಇವನು ಹೈಸ್ಕೂಲಿನಿಂದ ನೇರ ಬಂದವನು. ಈ ವರ್ಷ ವ್ಯಾಂಕೂವರ್‌ನಲ್ಲಿ, ಹೈ-ಎಯಲ್ಲಿ ಆಡಿದ. ಶುರುವಿನಲ್ಲಿ ಜೋರಾಗಿ ಹೊಡೆದ, ಆಮೇಲೆ ತಣ್ಣಗಾದ. ಈಗಷ್ಟೇ 20 ತುಂಬಿದೆ. ಇನ್ನೂ ಡಬಲ್-ಎ, ಟ್ರಿಪಲ್-ಎ ಎರಡು ಮೆಟ್ಟಿಲು ಬಾಕಿ.

ನಮ್ಮದು ನಾಲ್ಕೇ ಕೀಪರ್, ಐದೇ ಬೆಂಚಿನ ಲೀಗು. ಇಂಥ ಲೀಗಿನಲ್ಲಿ ಅವನನ್ನು ಹಿಡಿದುಕೊಂಡು ಕೂತರೆ ಒಂದು ಬೆಂಚು ಎರಡು ವರ್ಷ ಸುಮ್ಮನೆ ಬೀಗ ಹಾಕಿದ ಹಾಗೆ. ಪ್ರೀತಿ ಇದ್ದರೆ ಜರ್ಸಿ ತಗೋ. ಭಾರತದ ನಂಟು ಈಗಲೇ ಬೇಕು ಅಂದರೆ ರೇಂಜರ್ಸ್‌ನಲ್ಲಿ ಕುಮಾರ್ ರಾಕರ್ ಇದ್ದಾನೆ, ತಾಯಿಯ ಕಡೆಯಿಂದ ನಮ್ಮವನು. ಆದರೆ ಅವನನ್ನೂ ಹೆಸರು ನೋಡಿ ತಗೋಬೇಡ, ಪಿಚಿಂಗ್ ನೋಡಿ ತಗೋ.

ಧಾರವಾಡ_ಪೇಡೆ · ಶನಿವಾರ ಸಂಜೆ 6:40

ಪಿಚರ್ ಅಂದ್ರ ನನಗ ಗೆರಿಟ್ ಕೋಲ್ ನೆನಪಾಗ್ತಾನ. ಈ ವರ್ಷದ ಡ್ರಾಫ್ಟ್ ದಿನ ಮಗಳ ರಂಗಪ್ರವೇಶ. ಆಟೋಪಿಕ್‌ಗೆ (ಆ್ಯಪ್ ತಾನೇ ಆರಿಸೋದು) ಬಿಟ್ಟು ಹೋದೆ. ಸಂಜೀಗೆ ಬಂದು ನೋಡ್ತೀನಿ, ನನ್ನ ನಾಲ್ಕನೇ ಸುತ್ತಿಗೆ ಕೋಲ್. ಮಾರ್ಚ್‌ನಾಗ ಮೊಣಕೈ ಆಪರೇಷನ್ ಆಗಿ ಇಡೀ ವರ್ಷ ಆಡಲ್ಲ ಅಂತ ಇಡೀ ಅಮೆರಿಕಕ್ಕ ಗೊತ್ತಿತ್ತು, ಆ ಆ್ಯಪ್‌ಗೆ ಒಂದಕ್ಕ ಗೊತ್ತಿರಲಿಲ್ಲ.

ಕುಡ್ಲ_ಇನ್_ಬಾಸ್ಟನ್ · ಶನಿವಾರ ಸಂಜೆ 6:52

ಅದಕ್ಕೇ ನಾನು ಹೇಳುವುದು, ಮೊದಲ ಎರಡು ಸುತ್ತಿನಲ್ಲಿ ಪಿಚರ್ ಬೇಡ ಅಂತ. 2024ರಲ್ಲಿ ಸ್ಟ್ರೈಡರ್‌ನನ್ನು ಎಲ್ಲರೂ ತಲೆ ಮೇಲೆ ಹೊತ್ತುಕೊಂಡಿದ್ದರು. ಎರಡೇ ಪಂದ್ಯ, ಮೊಣಕೈ, ಮುಗಿಯಿತು.

ಟೊರೊಂಟೊ_ಅಕ್ಕ · ಶನಿವಾರ ಸಂಜೆ 7:05

ಪಿಚರ್ ಸ್ಕುಬಲ್‌ನನ್ನು ತಗೊಂಡು ಎರಡು ವರ್ಷ ಗೆದ್ದವಳು ನಾನು. ಮಾತು ಮುಂದಕ್ಕೆ ಬೇಡ.

ಕುಡ್ಲ_ಇನ್_ಬಾಸ್ಟನ್ · ಶನಿವಾರ ಸಂಜೆ 7:09

ಸ್ಕೀನ್ಸ್‌ನನ್ನು ತಗೊಂಡವರನ್ನೂ ಕೇಳಿ ಅಕ್ಕ. ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್) 1.97, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಗೆದ್ದದ್ದು 10, ಸೋತದ್ದು 10! ಪೈರೇಟ್ಸ್ ಬ್ಯಾಟಿಂಗ್‌ಗೆ ನಾವು ದಂಡ ಕಟ್ಟಬೇಕು.

ಹಾಸನದ_ಹೊಸಬ · ಭಾನುವಾರ ಬೆಳಗ್ಗೆ 9:15

ರಾತ್ರಿ ಎಲ್ಲವನ್ನೂ ಮೊದಲಿನಿಂದ ಓದಿದೆ. ಒಂದು ದಡ್ಡ ಪ್ರಶ್ನೆ, ಬೈಯಬೇಡಿ. ನಮ್ಮ ಲೀಗಿನಲ್ಲಿ ಫಸ್ಟ್ ಬೇಸ್‌ಗೆ ಒಂದೇ ಜಾಗ. ಯುಟಿಲಿಟಿ (ಯಾವ ಬ್ಯಾಟರ್ ಆದರೂ ಸರಿ ಅನ್ನುವ) ಜಾಗವೂ ಒಂದೇ. ಬ್ಯಾಟರ್ ಒಟಾನಿ ಯುಟಿಲಿಟಿಯಲ್ಲಿ ಮಾತ್ರ ಆಡಬಹುದು ಅಂತ ನಿಯಮದಲ್ಲಿದೆ. ಡೆವರ್ಸ್‌ಗೆ ಈಗ ಥರ್ಡ್ ಬೇಸ್ ಇಲ್ಲ, ಫಸ್ಟ್ ಬೇಸ್ ಮಾತ್ರ. ಎಲ್ಡ್ರಿಜ್ ಕೂಡ ಫಸ್ಟ್ ಬೇಸ್.

ಹಾಗಾದರೆ ಎಲ್ಡ್ರಿಜ್‌ನನ್ನು ಉಳಿಸಿಕೊಂಡರೂ ಅವನನ್ನು ಎಲ್ಲಿ ಆಡಿಸುತ್ತೀರಿ?

ಕಮಿಷನರ್_ಫ್ರೀಮಾಂಟ್ · ಭಾನುವಾರ ಬೆಳಗ್ಗೆ 9:40

ಎರಡು ದಿನ, ಇಪ್ಪತ್ತಕ್ಕೂ ಹೆಚ್ಚು ಪೋಸ್ಟು. ಇದನ್ನು ಕೇಳಿದ್ದು ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲ ಅಂದವನು.

ಟೊರೊಂಟೊ_ಅಕ್ಕ · ಭಾನುವಾರ ಬೆಳಗ್ಗೆ 9:55

ಶಹಭಾಸ್ ಹಾಸನ! ಪ್ರಶ್ನೆಯೇ ತಪ್ಪಾಗಿತ್ತು. ಅಡಾಮೆಸ್ ಶಾರ್ಟ್‌ಸ್ಟಾಪ್, ಅವನಿಗೂ ಎಲ್ಡ್ರಿಜ್‌ಗೂ ಜಗಳವೇ ಇಲ್ಲ. ಜಗಳ ಇರುವುದು ಡೆವರ್ಸ್ ಮತ್ತು ಎಲ್ಡ್ರಿಜ್ ನಡುವೆ. ಜೈಂಟ್ಸ್‌ನದೂ ಇದೇ ಪಾಡು. ಇಬ್ಬರೂ ಎಡಗೈ, ಇಬ್ಬರಿಗೂ ಫಸ್ಟ್ ಬೇಸ್. ಆದರೆ ಅವರಿಗೆ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟ್ ಮಾತ್ರ ಬೀಸುವವನ) ಜಾಗ ಖಾಲಿ ಇದೆ, ಒಬ್ಬ ಅಲ್ಲಿ ಒಬ್ಬ ಇಲ್ಲಿ ನಿಲ್ಲಬಹುದು. ಮಲ್ಲೇಶ್ವರಂಗೆ ಅದೂ ಇಲ್ಲ, ಅಲ್ಲಿ ಒಟಾನಿ ಕಾಲು ಚಾಚಿ ಕೂತಿದ್ದಾನೆ.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಭಾನುವಾರ ಮಧ್ಯಾಹ್ನ 12:10

ಕಾಫಿ ಎರಡು ಸಲ ಕುಡಿದು ಬಂದೆ. ಸರಿ, ನಾನು ದಡ್ಡ.

ಇದನ್ನು ಓದಿದ ಮೇಲೆ ನನಗೆ 2010 ನೆನಪಾಯಿತು. ಜೈಂಟ್ಸ್‌ನ ಕ್ಯಾಚರ್ ಬೆಂಜಿ ಮೊಲಿನಾ, ಹಳೆಯ ಹುಲಿ. ಕೆಳಗೆ ಟ್ರಿಪಲ್-ಎಯಲ್ಲಿ ಹುಡುಗನೊಬ್ಬ ಬಾಗಿಲು ಬಡಿಯುತ್ತಿದ್ದ. ಹೆಸರು ಬಸ್ಟರ್ ಪೋಸಿ. ಏಪ್ರಿಲ್ ಹೋಯಿತು, ಮೇ ಹೋಯಿತು, ಕರೆಯಲಿಲ್ಲ. ಮೇ 29ಕ್ಕೆ ಕರೆದರು. ಆಗಲೂ ಕ್ಯಾಚರ್ ಜಾಗ ಮೊಲಿನಾದೇ. ಹುಡುಗನ ಬ್ಯಾಟ್ ಬೇಕು ಅಂತ ಅವನನ್ನು ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿದರು. ಒಂದು ತಿಂಗಳು ನೋಡಿದರು. ಜುಲೈ 1ಕ್ಕೆ ಮೊಲಿನಾನನ್ನು ಟೆಕ್ಸಸ್ ರೇಂಜರ್ಸ್‌ಗೆ ಕಳಿಸಿಬಿಟ್ಟರು. ಪೋಸಿ ವರ್ಷದ ಹೊಸಬ ಆದ. ವರ್ಲ್ಡ್ ಸೀರೀಸ್‌ಗೆ ಹೋದರೆ ಎದುರು ಟೀಮು ಯಾರು? ರೇಂಜರ್ಸ್. ಅವರ ಕ್ಯಾಚರ್ ಮೊಲಿನಾ! ಜೈಂಟ್ಸ್ ಗೆದ್ದಿತು. 56 ವರ್ಷಕ್ಕೆ ಬಂದ ಕಪ್.

ನಾನು ಆಗಷ್ಟೇ ಈ ದೇಶಕ್ಕೆ ಬಂದಿದ್ದೆ. ಆಟದ ತಲೆಬುಡ ಗೊತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಕಿತ್ತಳೆ ಟವೆಲ್ ಬೀಸುತ್ತಿದ್ದರು, ನಾನೂ ಬೀಸಿದೆ.

ಹೇಳಬಂದದ್ದು ಇಷ್ಟೇ. ಅವತ್ತು ಬಾಗಿಲ ಹೊರಗೆ ಕಾದು ನಿಂತ ಹುಡುಗನೇ ಇವತ್ತು ಜೈಂಟ್ಸ್‌ನ ಬೇಸ್‌ಬಾಲ್ ವಿಭಾಗದ ಅಧ್ಯಕ್ಷ. ಎಲ್ಡ್ರಿಜ್‌ನನ್ನು ಬಹಳ ದಿನ ಕಾಯಿಸುವುದಿಲ್ಲ ಅಂತ ನನ್ನ ಮನಸ್ಸು ಹೇಳುತ್ತಿದೆ. ಹೊಸ ಮ್ಯಾನೇಜರ್ (ನಮ್ಮ ಕೋಚ್ ಥರ) ವಿಟೆಲ್ಲೊ ಕೂಡ ಟೆನೆಸ್ಸಿ ಕಾಲೇಜಿನಿಂದ ನೇರ ಬಂದವನು. ವಯಸ್ಸು 20-21ರ ಹುಡುಗರ ಜೊತೆಗೇ ಬದುಕಿದವನು.

ಅದಕ್ಕೇ ಕೇಳುತ್ತಿದ್ದೇನೆ. ಡೆವರ್ಸ್ ಯಾರಿಗಾದರೂ ಬೇಕಾ? 35 ಹೋಂ ರನ್, 5ನೇ ಸುತ್ತಿನ ಬೆಲೆಗೆ ಕೀಪರ್ ಆಗುತ್ತಾನೆ.

ಧಾರವಾಡ_ಪೇಡೆ · ಭಾನುವಾರ ಮಧ್ಯಾಹ್ನ 12:25

ಹುಚ್ಚು ಹಿಡೀತೇನ್ರಿ? 35 ಹೋಂ ರನ್ ಬಿಟ್ಟು .107 ಇಟ್ಟುಕೊಳ್ತೀರಾ? ನಿಮ್ಮ ಮಗನ ಪಾಪ್‌ಕಾರ್ನ್ ಭಾಳ ತುಟ್ಟಿ ಆತು.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಭಾನುವಾರ ಮಧ್ಯಾಹ್ನ 12:31

ಬಿಡುತ್ತಿಲ್ಲ, ಮಾರುತ್ತಿದ್ದೇನೆ. ಬದಲಿಗೆ ಪಿಕ್ ಬರುತ್ತದಲ್ಲ. ಎಲ್ಡ್ರಿಜ್ ಮೇ ತನಕ ಕೆಳಗಿದ್ದರೂ ಅಲ್ಲಿಯವರೆಗೆ ಫಸ್ಟ್ ಬೇಸ್‌ಗೆ ಯಾರನ್ನಾದರೂ ಕೊನೆಯ ಸುತ್ತುಗಳಲ್ಲಿ ಹಿಡಿಯುತ್ತೇನೆ.

ಕುಡ್ಲ_ಇನ್_ಬಾಸ್ಟನ್ · ಭಾನುವಾರ ಸಂಜೆ 6:30

ನನಗೆ ಬೇಕು.

ಕಮಿಷನರ್_ಫ್ರೀಮಾಂಟ್ · ಭಾನುವಾರ ಸಂಜೆ 6:33

ಟಿವಿ ಒಡೆಯಬೇಕು ಅಂದವರು ನೀವೇ ಅಲ್ವಾ?

ಕುಡ್ಲ_ಇನ್_ಬಾಸ್ಟನ್ · ಭಾನುವಾರ ಸಂಜೆ 6:41

ಟಿವಿ ಬೇರೆ, ಫಸ್ಟ್ ಬೇಸ್ ಬೇರೆ. ನನ್ನ 8ನೇ ಸುತ್ತಿನ ಪಿಕ್ ಕೊಡುತ್ತೇನೆ.

ಟೊರೊಂಟೊ_ಅಕ್ಕ · ಭಾನುವಾರ ಸಂಜೆ 6:44

ಮಲ್ಲೇಶ್ವರಂ, ಎಂಟಕ್ಕೆ ಒಪ್ಪಿದರೆ ಇದು ಹಗಲು ದರೋಡೆ ಅಂತ ನಾನೇ ತಡೆ ಓಟು ಹಾಕುತ್ತೇನೆ. ಕನಿಷ್ಠ ಐದನೆಯದು ಕೇಳು.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಭಾನುವಾರ ಸಂಜೆ 7:15

ಐದು ಕೊಡಿ.

ಕುಡ್ಲ_ಇನ್_ಬಾಸ್ಟನ್ · ಭಾನುವಾರ ಸಂಜೆ 7:50

ಐದು ಕೊಟ್ಟರೆ ಡೆವರ್ಸ್‌ನ ಕೀಪರ್ ಬೆಲೆಗೆ ಎಂತ ಕೊಡುವುದು ಮಾರಾಯ್ರೆ, ನನ್ನ ತಲೆಯಾ? ಆರು. ಇದಕ್ಕಿಂತ ಮೇಲೆ ಇಲ್ಲ. ಇಲ್ಲಿ ರಾತ್ರಿ 11 ಆಗುತ್ತಾ ಬಂತು, ನಾಳೆ ಆಫೀಸು ಉಂಟು.

ಮಲ್ಲೇಶ್ವರಂ_ಮೌಂಟನ್‌ವ್ಯೂ · ಭಾನುವಾರ ರಾತ್ರಿ 8:49

ಮಗನನ್ನು ಕೇಳಿದೆ. ಅವನು "ದೊಡ್ಡವನನ್ನು ಇಟ್ಟುಕೋ" ಅಂದ. ಯಾರು ದೊಡ್ಡವನು ಅಂದೆ. ಉದ್ದ ಇರುವವನು ಅಂದ.

ಆರಕ್ಕೆ ಒಪ್ಪಿದೆ. ನನ್ನ ಪಟ್ಟಿ: ಒಟಾನಿ, ವೆಬ್, ಅಡಾಮೆಸ್, ಎಲ್ಡ್ರಿಜ್.

ಕಮಿಷನರ್_ಫ್ರೀಮಾಂಟ್ · ಭಾನುವಾರ ರಾತ್ರಿ 8:57

ಟ್ರೇಡ್ ದಾಖಲಾಯಿತು. ಡೆವರ್ಸ್ ಕುಡ್ಲಕ್ಕೆ, 6ನೇ ಸುತ್ತಿನ ಪಿಕ್ ಮಲ್ಲೇಶ್ವರಂಗೆ. ಎಲ್ಲರ ಪಟ್ಟಿಯೂ ಬಂತು, ಪೇಡೆಯವರದ್ದು ಬಿಟ್ಟು. ಮೂರು ನಿಮಿಷ ಇದೆ.

ಧಾರವಾಡ_ಪೇಡೆ · ಭಾನುವಾರ ರಾತ್ರಿ 8:59

ಕಳಿಸೀನಿ, ಕಳಿಸೀನಿ. ಮಲ್ಲೇಶ್ವರಂ, ನಿಮ್ಮ ಹುಡುಗನ್ನ ಮಾರ್ಚ್‌ನಾಗ ಜೈಂಟ್ಸ್‌ನ ಟ್ರಿಪಲ್-ಎ ಟೀಮು, ಸ್ಯಾಕ್ರಮೆಂಟೊದ ರಿವರ್ ಕ್ಯಾಟ್ಸ್‌ಗೆ ಕಳಿಸಿದರ ಹೇಳ್ರಿ. ನಮ್ಮ ಎ'ಸ್ ಆಡೋ ಮೈದಾನಾನೇ ಅದು, ಮನಿಯಿಂದ 15 ನಿಮಿಷ. ಹೋಗಿ ಮಣಿಕಟ್ಟು ನೋಡಿ ಬರ್ತೀನಿ.

ಹಾಸನದ_ಹೊಸಬ · ಭಾನುವಾರ ರಾತ್ರಿ 9:20

ಅಭಿನಂದನೆ ಸಾರ್. ಮಾರ್ಚ್‌ನಲ್ಲಿ ಡ್ರಾಫ್ಟ್ ದಿನ ಕಮಿಷನರ್ ಮನೆ ಗ್ಯಾರೇಜಿಗೆ ನಾನು ಏನು ತರಬೇಕು?

ಕಮಿಷನರ್_ಫ್ರೀಮಾಂಟ್ · ಭಾನುವಾರ ರಾತ್ರಿ 9:24

ಖಾರ ಮಂಡಕ್ಕಿ, ಹತ್ತು ಜನಕ್ಕಾಗುವಷ್ಟು. ಲ್ಯಾಪ್‌ಟಾಪ್ ಚಾರ್ಜರ್ ಮರೀಬೇಡಿ. ಪೇಡೆಯವರೇ, ಆ ದಿನ ಮಗಳ ಕಾರ್ಯಕ್ರಮ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ.